ಅಕ್ಕನ ನಂಬರು ಸೊನ್ನೆ ಒಂದು ನಾಲ್ಕು ನಾಲ್ಕು

ಅಕ್ಕ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳೆಂದೇ ನಮ್ಮ ನೆಂಟರಿಷ್ಟರೆಲ್ಲ ನಂಬಿದ್ದಾರೆ. ಅರವತ್ತು ದಾಟಿದ ಹೆಂಗಸು ಬಿದ್ದರೆ ಜಾರಿಯೇ ಬಿದ್ದಿರಬೇಕು ಎಂದು ಜನಕ್ಕೆ ಅದೆಂಥ ಖಾತ್ರಿಯೋ. ಅವಳು ಜಾರಲಿಲ್ಲ. ತಲೆ ತಿರುಗಿ ಬಿದ್ದಳು. ತಲೆ ತಿರುಗಿದ್ದು ಒಂದು ಮಾತ್ರೆಯಿಂದ. ಮಾತ್ರೆ ಬರೆದುಕೊಟ್ಟದ್ದು ಒಂದು ರಕ್ತಪರೀಕ್ಷೆಯ ರಿಪೋರ್ಟು ನೋಡಿ. ಆ ರಿಪೋರ್ಟಿನ ಮೇಲ್ಗಡೆ ಅಕ್ಕನ ಹೆಸರಿತ್ತು, ವಯಸ್ಸಿತ್ತು. ಒಳಗಿದ್ದ ಅಂಕಿಗಳು ಬೇರೆ ಯಾರದೋ ರಕ್ತದವು. ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಕೇಳಿದವರು ಕೊನೆಗೆ ಅನ್ನುವುದು ಒಂದೇ: "ಹೋಗ್ಲಿ ಬಿಡಿ, ಏನೂ ಇಲ್ಲ ಅಂತ ಗೊತ್ತಾಯ್ತಲ್ಲ, ದೇವರ ದಯ." ಈ 'ಹೋಗ್ಲಿ ಬಿಡಿ' ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಅಕ್ಕ ಮಲ್ಲೇಶ್ವರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದವಳು. ಮದುವೆ ಬೇಡವೆಂದಳು, ಯಾರ ಮಾತಿಗೂ ಜಗ್ಗಲಿಲ್ಲ. ನಿವೃತ್ತಿಯಾದ ಮೇಲೂ ವೈಯಾಲಿಕಾವಲಿನ ಮಹಡಿ ಮನೆಯಿಂದ ಸ್ಯಾಂಕಿ ಕೆರೆಯವರೆಗೆ ನಡೆದು, ಕೆರೆಗೊಂದು ಸುತ್ತು ಹಾಕಿ, ಬರುವಾಗ ಎಳನೀರು ಕುಡಿದು, ಎಂಟನೇ ಕ್ರಾಸಿನಲ್ಲಿ ತರಕಾರಿಯವರ ಜೊತೆ ಒಂದು ಕೈ ಜಗಳ ಮುಗಿಸಿಕೊಂಡು ಬರುವುದು ಅವಳ ಬೆಳಗು. ನಾನು ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಬಿ.ಸಿ.ಎ. ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನನ್ನ ಮನೆ ಚಾಮರಾಜಪೇಟೆಯಲ್ಲಿ. ಆದರೂ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲೇ. ಹತ್ತು ನಿಮಿಷ ತಡವಾದರೆ "ಬೆಲ್ ಹೊಡೆದಾಯ್ತು, ಓಡ್ಬೇಕು ಮೈದಾನಕ್ಕೆ ಎರಡು ರೌಂಡು" ಎಂದು ಬಾಗಿಲಲ್ಲೇ ಗದರಿಸುವ ಹೆಂಗಸು.

ಹಬ್ಬದ ಮುಂಚೆ ಹತ್ತಿರದ ಒಂದು ಲ್ಯಾಬಿನವರು ರಿಯಾಯಿತಿಯಲ್ಲಿ ಪೂರ್ತಿ ದೇಹದ ತಪಾಸಣೆ ಎಂದು ಬೀದಿಬೀದಿಗೆ ಚೀಟಿ ಹಂಚಿದ್ದರು. ಕೆಳಗಿನ ಮನೆಯಾಕೆ ಹೊರಟರು, ಅಕ್ಕನನ್ನೂ ಕರೆದರು. ಅಕ್ಕ ವಾಕಿಂಗ್ ತಪ್ಪಿಸುವವಳಲ್ಲ, ಕೆರೆ ಸುತ್ತಿ ಆಮೇಲೆ ಹೋದಳು. ಅಷ್ಟರಲ್ಲಿ ಜಾತ್ರೆಯ ಹಾಗೆ ಜನ. ಕೆಳಗಿನ ಮನೆಯವರಿಗೆ ಸಿಕ್ಕ ನಂಬರು 0139, ಅಕ್ಕನಿಗೆ 0144. ಅಲ್ಲಿ ದಿನಾ ಬೆಳಗ್ಗೆ ನಂಬರು ಒಂದರಿಂದ ಶುರುವಾಗುತ್ತದೆ. ಎಲ್ಲಕ್ಕೂ ನಾಲ್ಕು ಸ್ಥಾನ, ಕಡಿಮೆ ಬಿದ್ದಲ್ಲಿ ಮುಂದೆ ಸೊನ್ನೆ.

ಮಾರನೇ ದಿನ ರಿಪೋರ್ಟು ಬಂತು. ಮೂತ್ರಪಿಂಡದ ಕೆಲಸ ಹೇಳುವ ಕ್ರಿಯಾಟಿನಿನ್ ಎನ್ನುವ ಅಂಶ ಒಂದರ ಒಳಗಿರಬೇಕಾದದ್ದು ನಾಲ್ಕು ದಾಟಿತ್ತು. ನಮ್ಮ ಹಳೆಯ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡೂ ಮೂತ್ರಪಿಂಡ ಸೋತಿರಬೇಕು ಎಂದರು. ದೊಡ್ಡ ಡಾಕ್ಟರಿಗೆ ಚೀಟಿ ಬರೆದರು, ಅವರ ಸಮಯ ಸಿಕ್ಕಿದ್ದು ಮೂರು ವಾರದ ಮೇಲೆ. ಅಲ್ಲಿಯವರೆಗೆ ಮೈಯಲ್ಲಿ ನೀರು ನಿಲ್ಲದಿರಲಿ ಎಂದು ಒಂದು ಮಾತ್ರೆ ಕೊಟ್ಟು, ಉಪ್ಪು ಬಿಡಿ, ಬಾಳೆಹಣ್ಣು ಬಿಡಿ, ಟೊಮೇಟೊ ಬಿಡಿ, ಎಳನೀರು ಮುಟ್ಟಲೇಬೇಡಿ, ಬೇಳೆ ಕಮ್ಮಿ, ನೀರೂ ಅಳೆದು ಕುಡಿಯಿರಿ ಎಂದರು. ಇನ್ನೊಂದು ಸಲ ರಕ್ತ ಕೊಟ್ಟು ನೋಡಿ ಎನ್ನುವ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ನಾವೂ ಕೇಳಲಿಲ್ಲ. ಅಚ್ಚಾದ ಕಾಗದದ ಮೇಲೆ ನಮಗೆ ಅಷ್ಟು ಗೌರವ.

ಅಕ್ಕ ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಶಿಸ್ತಿಗೆ ಬಿದ್ದಳು. ತರಕಾರಿಯನ್ನು ನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಸಪ್ಪೆ ಬೇಯಿಸಿ, ಮುಖ ಕಿವಿಚದೆ ತಿಂದಳು. ಕೆರೆಗೆ ಹೋಗುವುದು ನಿಂತಿತು. ಒಂದು ಮಧ್ಯಾಹ್ನ ಹೋದಾಗ ಬೀರು ತೆಗೆದು ಹಾಸಿಗೆಯ ಮೇಲೆ ರೇಷ್ಮೆ ಸೀರೆಗಳನ್ನು ಹರಡಿಕೊಂಡಿದ್ದಳು.

"ಇದು ನಿನಗೆ ಇರ್ಲಿ. ಹಸಿರು ಬಣ್ಣ ನಿನಗೆ ಒಪ್ಪತ್ತೆ," ಎಂದಳು.

"ಯಾಕಕ್ಕ ಈಗ?"

"ಯಾವಾಗ ಮತ್ತೆ? ನಾನೇ ಕೈಯಾರೆ ಕೊಟ್ರೆ ಚೆಂದ ಕಣೇ."

ನಾನು ಆ ಸೀರೆ ಮುಟ್ಟಲಿಲ್ಲ. ಊಟ ಮಾಡದೆ ಎದ್ದು ಕಾಲೇಜಿಗೆ ಹೋದೆ. ಮರುದಿನ ಬೆಳಗ್ಗೆ ಅವಳು ಬಿದ್ದದ್ದು. ತಿನ್ನುವುದಕ್ಕೆ ಉಪ್ಪಿಲ್ಲ, ಕುಡಿಯುವುದಕ್ಕೆ ನೀರಿಲ್ಲ, ಇದ್ದ ನೀರನ್ನೂ ಮಾತ್ರೆ ಹೊರಗೆ ಹಾಕುತ್ತಿದೆ. ಒಳ್ಳೆಯ ಆರೋಗ್ಯದ ಮೈಗೆ ಇಷ್ಟು ಮಾಡಿದರೆ ಇನ್ನೇನಾಗುತ್ತದೆ? ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವ ಮೊದಲು ರಕ್ತ ತೆಗೆದರು. ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಮ್ಮ ಹಳೆಯ ರಿಪೋರ್ಟನ್ನೂ ತನ್ನ ಕೈಲಿದ್ದ ಹೊಸದನ್ನೂ ಮತ್ತೆ ಮತ್ತೆ ನೋಡಿ, ಇನ್ನೊಂದು ಸಲ ರಕ್ತ ತೆಗೆಸಿದರು. ಎರಡು ಸಲವೂ ಸೊನ್ನೆ ಪಾಯಿಂಟ್ ಎಂಟು.

"ಇವರ ಕಿಡ್ನಿಗೆ ಏನೂ ಆಗಿಲ್ಲ. ಆ ರಿಪೋರ್ಟು ಇವರದ್ದೇನಾ?" ಎಂದು ಕೇಳಿದರು.

ಅಕ್ಕನಿಗೆ ಕೈ ನೋವಿನಲ್ಲೂ ನಗು ಬಂತು. ನನಗೆ ಬಂದದ್ದು ನಗು ಅಲ್ಲ.

ಅಕ್ಕನನ್ನು ಮನೆಗೆ ಕರೆತಂದ ದಿನವೇ ನಾನು ಲ್ಯಾಬಿಗೆ ಹೋದೆ. ಟೈ ಕಟ್ಟಿದ ಮ್ಯಾನೇಜರು, ನಲವತ್ತರ ಆಸುಪಾಸಿನವರು, ಎರಡೂ ರಿಪೋರ್ಟನ್ನು ಒಂದರ ಮೇಲೊಂದು ಇಟ್ಟು ಅಂಚು ಸರಿಮಾಡಿ ನನ್ನ ಕಡೆ ತಳ್ಳಿದರು.

"ಡೈಯೆಟ್ ಮಾಡಿದ್ದಾರೆ, ಇಳ್ದಿದೆ. ಖುಷಿ ಪಡಿ ಮೇಡಂ."

"ನಾಲ್ಕು ಇದ್ದಿದ್ದು ಎರಡು ವಾರದಲ್ಲಿ ಸೊನ್ನೆ ಪಾಯಿಂಟ್ ಎಂಟಕ್ಕೆ ಇಳಿಯತ್ತಾ? ಡಾಕ್ಟ್ರು ಸಾಧ್ಯ ಇಲ್ಲ ಅಂದ್ರು."

"ಡಾಕ್ಟ್ರು ಅವರ ಅಭಿಪ್ರಾಯ ಹೇಳ್ತಾರೆ. ನಮ್ಮಲ್ಲಿ ಎಲ್ಲಾ ಕಂಪ್ಯೂಟರ್. ಮನುಷ್ಯರ ಕೈ ತಾಗೋದೇ ಇಲ್ಲ. ಹೊಸ ಸಾಫ್ಟ್‌ವೇರ್ ಹಾಕ್ಸಿದ್ದೀವಿ. ಹೆಸರು ಕೌಂಟರಿಂದ, ರಕ್ತದ ಲೆಕ್ಕ ಮೆಷೀನಿಂದ, ಎರಡೂ ತಾನೇ ಸೇರ್ಕೊಂಡು ಪ್ರಿಂಟ್ ಆಗತ್ತೆ."

"ಸೇರ್ಕೊಳ್ಳೋವಾಗ ಅದಲುಬದಲಾಗಿದ್ರೆ?"

"ಅದಕ್ಕೂ ಚೆಕ್ ಇದೆ ಮೇಡಂ. ಸಮಸಂಖ್ಯೆ ಒಂದು ಮೆಷೀನಿಗೆ, ಬೆಸಸಂಖ್ಯೆ ಇನ್ನೊಂದಕ್ಕೆ. ತಪ್ಪು ಮೆಷೀನಿನ ಲೆಕ್ಕ ಬಂದ್ರೆ ಸ್ಕ್ರೀನ್ ಕೆಂಪಾಗತ್ತೆ. ಇವತ್ತಿನ ತನಕ ಒಂದ್ಸಲಾನೂ ಆಗಿಲ್ಲ." ಆಮೇಲೆ ಸ್ವಲ್ಪ ಮುಂದೆ ಬಾಗಿ, ಮಗುವಿಗೆ ಹೇಳುವ ಹಾಗೆ, "ವಯಸ್ಸಾದವರು, ಬೀಳ್ತಾರೆ. ಅದಕ್ಕೂ ರಿಪೋರ್ಟಿಗೂ ಏನು ಸಂಬಂಧ?" ಎಂದರು.

ರಿಪೋರ್ಟುಗಳನ್ನು ಎತ್ತಿಕೊಂಡೆ. ಎದ್ದು ಬಂದೆ. ಸಂಪಿಗೆ ರಸ್ತೆಯುದ್ದಕ್ಕೂ ಅವನಿಗೆ ಹೇಳಬೇಕಿದ್ದ ಮಾತುಗಳನ್ನು ಗಟ್ಟಿಯಾಗಿ ಆಡುತ್ತಾ ನಡೆದೆನೆಂದು ಕಾಣುತ್ತದೆ. ಹೂವಿನವರೊಬ್ಬರು ತಲೆಯೆತ್ತಿ ನೋಡಿದರು.

ಅಕ್ಕನ ಊಟದ ಮೇಜಿನ ಮೇಲೆ ರಿಪೋರ್ಟು ಹರಡಿಕೊಂಡು ಮತ್ತೆ ಮೊದಲಿನಿಂದ ಓದಿದೆ. ಕೊನೆಯ ಪುಟದ ತಳದಲ್ಲಿ ಇರುವೆಯಂಥ ಅಕ್ಷರದಲ್ಲಿ ಮೆಷೀನಿನ ಸ್ಯಾಂಪಲ್ ನಂಬರು ಅಚ್ಚಾಗಿತ್ತು: 100. ಅಕ್ಕನ ನಂಬರು 0144. ಕೆಳಗಿನ ಮನೆಗೆ ಇಳಿದು ಅವರ ರಿಪೋರ್ಟು ಇಸಿದುಕೊಂಡು ನೋಡಿದೆ. ಅವರ ನಂಬರು 0139, ತಳದಲ್ಲೂ 139. ಅವರದು ಸರಿ, ಅಕ್ಕನದು ತಪ್ಪು. ಒಂದೇ ದಿನ, ಒಂದೇ ಲ್ಯಾಬು, ನಡುವೆ ಬೆರಳೆಣಿಕೆಯ ಜನ.

"ಏನು ನೋಡ್ತಿದೀಯೇ ಅಷ್ಟು ಹೊತ್ತಿಂದ? ಗಂಜಿ ಆರ್ತಿದೆ," ಎಂದಳು ಅಕ್ಕ. ಎಡಗೈಯಲ್ಲಿ ಚಮಚ ಹಿಡಿಯಲು ಬಾರದೆ ಅರ್ಧ ಗಂಜಿ ಮೇಜಿನ ಮೇಲೆ ಚೆಲ್ಲಿತ್ತು.

"ನೂರ ನಲವತ್ತನಾಲ್ಕು ನೂರು ಹೇಗಾಯ್ತು ಅಂತ."

ಎರಡೂ ವರ್ಗಸಂಖ್ಯೆಗಳು ಎನ್ನುವುದು ಮೊದಲು ಕಣ್ಣಿಗೆ ಬಿತ್ತು. ಹನ್ನೆರಡು ಹನ್ನೆರಡಲೆ ಒಂದು, ಹತ್ತು ಹತ್ತಲೆ ಇನ್ನೊಂದು. ಅಲ್ಲಿಗೆ ನನಗೆ ಗೊತ್ತಾಗಿಹೋಯಿತು. ಆ ಸೆಮಿಸ್ಟರಿನಲ್ಲಿ ನಾನು ಪಾಠ ಮಾಡುತ್ತಿದ್ದದ್ದೇ ಅದು. 144 ಎಂದು ಬರೆದ ಸಂಖ್ಯೆಗೆ ಒಂದು ಗುಣವಿದೆ. ಹತ್ತರ ಗುಂಪು ಕಟ್ಟಿ ಎಣಿಸಿ, ಎಂಟರ ಗುಂಪು ಕಟ್ಟಿ, ಆರರದ್ದು ಕಟ್ಟಿ, ನಾಲ್ಕಕ್ಕಿಂತ ದೊಡ್ಡ ಯಾವ ಗುಂಪಿನಲ್ಲಾದರೂ ಅದು ವರ್ಗಸಂಖ್ಯೆಯೇ, ಅದೇ ಗುಂಪಿನ ಲೆಕ್ಕದಲ್ಲಿ ಬರೆದ 12ರ ವರ್ಗವೇ. ಎಂಟರ ಲೆಕ್ಕದಲ್ಲಿ 12 ಎಂದರೆ ಒಂದು ಎಂಟು ಮತ್ತು ಎರಡು, ಅಂದರೆ ನಮ್ಮ ಹತ್ತು. ಹಾಗಾಗಿ ಎಂಟರ ಲೆಕ್ಕದ 144 ಎಂದರೆ ನಮ್ಮ ನೂರು. ಬೇಕಾದರೆ ಬಿಡಿಸಿ ನೋಡಿ: ಒಂದು ಅರವತ್ತನಾಲ್ಕು, ನಾಲ್ಕು ಎಂಟು, ಮೇಲೆ ನಾಲ್ಕು.

ಎಂಟರ ಗುಂಪಿನ ಈ ಎಣಿಕೆಗೆ ಅಷ್ಟಮಾನ ಪದ್ಧತಿ ಎಂದು ಹೆಸರು, ನಮ್ಮ ಮಕ್ಕಳ ಬಾಯಲ್ಲಿ ಆಕ್ಟಲ್. ಕೆಲವು ಕಂಪ್ಯೂಟರ್ ಭಾಷೆಗಳಲ್ಲಿ ಒಂದು ಹಳೆಯ ಕಟ್ಟಳೆ ಇದೆ. ಸಂಖ್ಯೆಯ ಮುಂದೆ ಸೊನ್ನೆ ಕಂಡರೆ ಅದನ್ನು ಎಂಟರ ಲೆಕ್ಕವೆಂದು ಓದಿಬಿಡುತ್ತವೆ. ಆದರೆ ಎಂಟರ ಲೆಕ್ಕದಲ್ಲಿ ಎಂಟು, ಒಂಬತ್ತು ಎನ್ನುವ ಅಂಕಿಗಳೇ ಇಲ್ಲ. ಏಳಾದ ಮೇಲೆ ಮುಂದಿನ ಗುಂಪು. ಅದಕ್ಕೇ 0139 ಬಂದಾಗ ಅದರಲ್ಲಿ ಒಂಬತ್ತನ್ನು ಕಂಡು, ಇದು ಎಂಟರ ಲೆಕ್ಕವಾಗಿರಲಾರದು ಎಂದು ಯಂತ್ರ ಅದನ್ನು ಹಾಗೇ ಬಿಟ್ಟಿತು. ಕೆಳಗಿನ ಮನೆಯವರನ್ನು ಕಾಪಾಡಿದ್ದು ಆ ಒಂಬತ್ತು.

ಸಮ, ಬೆಸ ನೋಡುವ ಅವರ ಚೆಕ್ಕು ಯಾಕೆ ಕೂಗಲಿಲ್ಲ ಎನ್ನುವುದೂ ಬಯಲಾಯಿತು. ಹತ್ತೂ ಸಮ, ಎಂಟೂ ಸಮ. ಯಾವ ಲೆಕ್ಕದಲ್ಲಿ ಓದಿದರೂ ಸಂಖ್ಯೆ ಸಮವೋ ಬೆಸವೋ ಎಂದು ತೀರ್ಮಾನಿಸುವುದು ಕೊನೆಯ ಅಂಕಿ ಒಂದೇ, ಆ ಅಂಕಿ ಎರಡರಲ್ಲೂ ಅದೇ. ಸಮ ಸಮವಾಗಿಯೇ ಉಳಿಯುತ್ತದೆ, ಬೆಸ ಬೆಸವಾಗಿಯೇ. ಇಂಥ ತಪ್ಪು ಎಷ್ಟು ಸಾವಿರ ಸಲ ಆದರೂ ಅವರ ಸ್ಕ್ರೀನು ಕೆಂಪಾಗುವ ಹಾಗೇ ಇರಲಿಲ್ಲ. ಅದನ್ನೇ ಆ ಮನುಷ್ಯ ಎದೆ ತಟ್ಟಿಕೊಂಡು ಹೇಳಿದ್ದು.

ಲೆಕ್ಕ ಬಿಡಿಸಿದ ಖುಷಿ ನನಗೆ ಒಂದು ನಿಮಿಷವೂ ಉಳಿಯಲಿಲ್ಲ. ಅಕ್ಕನಿಗೆ ಬಂದದ್ದು ನೂರನೇ ನಂಬರಿನವರ ರಕ್ತವಾದರೆ, ಆ ನೂರನೇ ನಂಬರಿನವರು ಎಲ್ಲಿದ್ದಾರೆ? ಅವರ ಕೈಯಲ್ಲಿ ಯಾರ ರಿಪೋರ್ಟಿದೆ? ಮೂತ್ರಪಿಂಡ ಸೋತ ಒಬ್ಬ ಮನುಷ್ಯ ಇದೇ ಬೀದಿಗಳಲ್ಲಿ, ತನಗೇನೂ ಆಗಿಲ್ಲವೆಂದು ಓಡಾಡಿಕೊಂಡಿದ್ದಾರೆ. ಬಟ್ಟಲಿನ ಗಂಜಿ ಹಾಗೇ ಬಿಟ್ಟು ಎದ್ದೆ. ಅಕ್ಕ ಚಪ್ಪಲಿ ಹುಡುಕತೊಡಗಿದಳು.

"ನೀನೆಲ್ಲಿಗೆ ಈ ಕೈಯಲ್ಲಿ?"

"ನೀನು ಒಬ್ಳೇ ಹೋದ್ರೆ ಅವನು ಮತ್ತೆ ಮೇಡಂ ಮೇಡಂ ಅಂತ ಕಳಿಸ್ತಾನೆ. ನಡಿ."

ಕೈಗೆ ಕಟ್ಟಿದ ಬಿಳಿ ಪಟ್ಟಿಯೊಂದಿಗೆ ಅಕ್ಕ ಲ್ಯಾಬಿನ ಕೌಂಟರಿನ ಮುಂದೆ ನಿಂತಳು. ಕಾಯುತ್ತಾ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮ್ಯಾನೇಜರು ಒಳಗೆ ಬನ್ನಿ, ಕೂತು ಮಾತಾಡೋಣ ಎಂದರು. ಇಲ್ಲೇ ಆಗಲಿ ಎಂದೆ.

"ನಿಮ್ಮ ಕಂಪ್ಯೂಟರಿನಲ್ಲಿ ಆ ದಿನದ 0100 ತೆಗೀರಿ. ಹೆಸರು ನನಗೆ ತೋರಿಸ್ಬೇಡಿ. ರಿಪೋರ್ಟಿನ ತಳದಲ್ಲಿ ಸ್ಯಾಂಪಲ್ ನಂಬರ್ ಎಷ್ಟಿದೆ ಅಂತ ಮಾತ್ರ ಹೇಳಿ. ಅರವತ್ತನಾಲ್ಕು ಇರತ್ತೆ."

"ಮೇಡಂ, ಬೇರೆ ಪೇಷಂಟ್ ವಿವರ ಎಲ್ಲಾ..."

"ನಂಬರ್ ಅಷ್ಟೇ ಕೇಳಿದ್ದು."

ಅವರು ಇನ್ನೂ ತಡವರಿಸುತ್ತಿದ್ದಾಗ ಕೌಂಟರಿನ ಹುಡುಗಿ ತಾನೇ ಒತ್ತಿ ನೋಡಿದಳು. ಅವಳ ಮುಖ ಬದಲಾಯಿತು. "ಸಾರ್, ಅರವತ್ತನಾಲ್ಕೇ ಇದೆ."

"0064 ತೆಗೀಮ್ಮ. ಐವತ್ತೆರಡು ಇರತ್ತೆ."

"ಹೌದು ಮೇಡಂ."

"0052. ನಲವತ್ತೆರಡು."

"ಹೌದು."

"ಅದರದ್ದು ಮೂವತ್ತನಾಲ್ಕು. ಅದರದ್ದು ಇಪ್ಪತ್ತೆಂಟು. ಇಪ್ಪತ್ತೆಂಟರದ್ದು ಮಾತ್ರ ಇಪ್ಪತ್ತೆಂಟೇ ಇರತ್ತೆ, ಯಾಕಂದ್ರೆ ಅದರಲ್ಲಿ ಎಂಟಿದೆ."

ಹುಡುಗಿ ಒಂದೊಂದನ್ನೂ ಒತ್ತಿ ತಲೆಯಾಡಿಸುತ್ತಾ ಹೋದಳು. ಮ್ಯಾನೇಜರು ಅವಳ ಬೆನ್ನ ಹಿಂದೆ ನಿಂತು ಸ್ಕ್ರೀನು ನೋಡುತ್ತಿದ್ದರು. ಟೈ ಸಡಿಲಿಸಿಕೊಂಡರು. ನಾನು ಕಣಿ ಹೇಳುವವಳೋ, ಅವರ ಕಂಪ್ಯೂಟರಿಗೆ ಕನ್ನ ಹಾಕಿದವಳೋ ಎಂಬ ಅನುಮಾನ ಅವರ ಮುಖದ ಮೇಲಿತ್ತು. ನಾನು ಕೌಂಟರಿನ ಮೇಲಿದ್ದ ಚೀಟಿಯ ಹಿಂದೆ ಬರೆದು ತೋರಿಸಿದೆ, ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆ ತೋರಿಸುವ ಹಾಗೆಯೇ. ಎಂಟರ ಲೆಕ್ಕದಲ್ಲಿ ಓದಿದ ಸಂಖ್ಯೆ ಒಂದೋ ಅಷ್ಟೇ ಇರುತ್ತದೆ, ಇಲ್ಲವೇ ಚಿಕ್ಕದಾಗುತ್ತದೆ, ದೊಡ್ಡದಂತೂ ಆಗುವುದಿಲ್ಲ. ಆದ್ದರಿಂದ ತಪ್ಪು ರಿಪೋರ್ಟು ಸಿಕ್ಕವರಿಗೆಲ್ಲ ಸಿಕ್ಕಿದ್ದು ತಮಗಿಂತ ಮುಂಚೆ ಬಂದವರ ರಕ್ತ. ಮುಂಚೆ ಬಂದವರ ಲೆಕ್ಕ ಮೆಷೀನಿನಲ್ಲಿ ಇದ್ದೇ ಇರುತ್ತದೆ, 'ಸಿಗಲಿಲ್ಲ' ಎಂದು ಯಂತ್ರ ಒಂದು ಸಲವೂ ಹೇಳುವ ಪ್ರಶ್ನೆಯೇ ಇಲ್ಲ. ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಬರುವ ಮೊದಲ ಏಳು ಮಂದಿಗೆ ಯಾವ ತೊಂದರೆಯೂ ಇಲ್ಲ, ಏಳರವರೆಗೆ ಎರಡೂ ಲೆಕ್ಕ ಒಂದೇ. ಇನ್ನು ಉಳಿದವರಲ್ಲಿ ಯಾರು ದೂರು ಕೊಡುತ್ತಾರೆ? ಹೆಚ್ಚಿನವರ ರಕ್ತ ಹೆಚ್ಚಿನವರ ರಕ್ತದ ಹಾಗೇ ಇರುತ್ತದೆ. ಬೇರೆಯವರ ಸಕ್ಕರೆ, ಬೇರೆಯವರ ಕೊಬ್ಬನ್ನು ತಮ್ಮದೆಂದು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಹೋಗಿದ್ದರು ಅಷ್ಟೂ ಜನ. ಅಕ್ಕನ ರಕ್ತದ ಲೆಕ್ಕ ಸಿಗಬೇಕಾಗಿದ್ದದ್ದು 0220ರವರಿಗೆ. ಆ ದಿನ ಅಷ್ಟು ಜನ ಬಂದಿರಲಿಲ್ಲ. ಅದು ಯಾರಿಗೂ ಸಿಗದೆ ಮೆಷೀನಿನಲ್ಲೇ ಬಿದ್ದಿತ್ತು.

ಮ್ಯಾನೇಜರು ಸಾಫ್ಟ್‌ವೇರಿನವನಿಗೆ ಫೋನು ಹಚ್ಚಿದರು. ಎಲ್ಲರಿಗೂ ಕೇಳುವ ಹಾಗೆ ಇಡಿ ಎಂದೆ. ಇಟ್ಟರು. ಆಚೆ ಕಡೆ ಯಾರೋ ಹುಡುಗ, ಟ್ರಾಫಿಕ್ಕಿನಲ್ಲಿದ್ದ.

"ಓ, ಲೀಡಿಂಗ್ ಝೀರೋ! ಆಕ್ಟಲ್ ಆಗಿ ತಗೊಂಡ್ಬಿಟ್ಟಿದೆ. ಸಣ್ಣ ಇಶ್ಯೂ ಸಾರ್, ಒಂದು ಲೈನ್ ಚೇಂಜ್, ಸಂಜೆ ಮಾಡ್ಕೊಡ್ತೀನಿ."

ಅಲ್ಲಿಯವರೆಗೆ ನಾನು ದನಿಯೆತ್ತಿರಲಿಲ್ಲ. ಈಗ ಎತ್ತಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ನನ್ನ ಅಕ್ಕ ಸಾಯಲು ತಯಾರಾಗಿ ಸೀರೆ ಹಂಚುತ್ತಿದ್ದಳು, ಅದು ಸಣ್ಣ ಇಶ್ಯೂನಾ ಎಂದು ಕೂಗಿದ್ದು ನೆನಪಿದೆ. ಸೀರೆಯ ವಿಷಯ ಹತ್ತು ಜನರ ಮುಂದೆ ಬಂದದ್ದಕ್ಕೆ ಅಕ್ಕ ನನ್ನ ಸೆರಗು ಜಗ್ಗಿದಳು. ನಾನು ನಿಲ್ಲಿಸಲಿಲ್ಲ. ಕಾಯುತ್ತಿದ್ದವರಲ್ಲಿ ಕೆಲವರು ಎದ್ದು ತಮ್ಮ ಹಳೆಯ ರಿಪೋರ್ಟಿನ ಬಗ್ಗೆ ಕೇಳತೊಡಗಿದರು. ಮ್ಯಾನೇಜರು ಹಣೆ ಒರೆಸಿಕೊಂಡು, "ಮೇಡಂ, ನಿಮ್ಗೇನು ಬೇಕು ಹೇಳಿ, ಪ್ಯಾಕೇಜ್ ಫ್ರೀ ಮಾಡ್ಕೊಡ್ತೀನಿ" ಎಂದರು.

"ನೂರನೇ ನಂಬರಿನವರಿಗೆ ಫೋನ್ ಮಾಡಿ. ಈಗ, ನನ್ನ ಮುಂದೆ. ಅವರು ಬರೋ ತನಕ ನಾನು ಇಲ್ಲಿಂದ ಏಳಲ್ಲ."

ಫೋನು ಮಾಡಿದರು. ಸ್ವಲ್ಪ ಹೊತ್ತಿಗೆ ಸ್ಕೂಟರಿನಲ್ಲಿ ಒಬ್ಬರು ಬಂದರು. ಐವತ್ತರ ಒಳಗಿನ ವಯಸ್ಸು, ದೊಡ್ಡ ಮೈಕಟ್ಟು, ಶ್ರೀರಾಂಪುರದಲ್ಲಿ ಅಕ್ವೇರಿಯಂ ಮೀನಿನ ಅಂಗಡಿ. ಪ್ಯಾಂಟಿನ ಅಂಚು ಒದ್ದೆಯಾಗಿತ್ತು, ತೊಟ್ಟಿ ತೊಳೆಯುತ್ತಿದ್ದವರು ಹಾಗೇ ಎದ್ದು ಬಂದಿದ್ದರು. ನಿಮ್ಮ ರಿಪೋರ್ಟು ಬದಲಾಗಿದೆ, ಇನ್ನೊಮ್ಮೆ ರಕ್ತ ಕೊಡಬೇಕು ಎಂದು ಮ್ಯಾನೇಜರು ತೇಲಿಸಿ ಹೇಳಿದರು. ಅವರು ನಕ್ಕರು.

"ನಂದು ಎಲ್ಲಾ ನಾರ್ಮಲ್ ಸಾರ್. ಡಾಕ್ಟ್ರೇ ಹೇಳಿದ್ರು, ಕಿಡ್ನಿ ಸೂಪರ್ ಆಗಿದೆ ಅಂತ. ಅದಕ್ಕೇ ಬೆನ್ನುನೋವಿಗೆ ಗಟ್ಟಿ ಮಾತ್ರೆ ಕೊಟ್ಟಿದ್ದಾರೆ, ದಿನಾ ತಗೋತಿದೀನಿ. ಅದಿಲ್ದೆ ಅಂಗಡೀಲಿ ನಿಲ್ಲೋಕೇ ಆಗಲ್ಲ."

ಅಕ್ಕ ಅವರ ಪಾದ ನೋಡುತ್ತಿದ್ದಳು. ಚಪ್ಪಲಿಯ ಪಟ್ಟಿ ಊದಿದ ಪಾದದೊಳಗೆ ಹೂತುಹೋಗಿತ್ತು. ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಎಂಥ ವಿಷವೆಂದು ಈ ಎರಡು ವಾರಗಳಲ್ಲಿ ಅಕ್ಕನೂ ನಾನೂ ಬೇಕಾದಷ್ಟು ಓದಿಕೊಂಡಿದ್ದೆವು.

ಮ್ಯಾನೇಜರು ಇನ್ನೂ ತೇಲಿಸುತ್ತಲೇ ಇದ್ದುದರಿಂದ ನಾನೇ ಹೇಳಿದೆ. ನಿಮ್ಮ ರಕ್ತದ ಲೆಕ್ಕ ನಮ್ಮ ಅಕ್ಕನ ಹೆಸರಿಗೆ ಬಂತು, ನಿಮಗೆ ಬಂದದ್ದು ಬೇರೆಯವರದು, ಆ ನೋವಿನ ಮಾತ್ರೆ ಇವತ್ತೇ ನಿಲ್ಲಿಸಿ, ಈಗಲೇ ಆಸ್ಪತ್ರೆಗೆ ಹೋಗಿ ಎಂದೆ. ಅವರ ನಗು ಇಳಿಯಿತು.

"ನೀವ್ಯಾರು ಮೇಡಂ? ಡಾಕ್ಟ್ರಾ?"

"ಅಲ್ಲ. ಗಣಿತದ ಟೀಚರ್."

"ಗಣಿತದ ಟೀಚರ್ ಬಂದು ನನಗೆ ಕಿಡ್ನಿ ಹೋಗಿದೆ ಅಂತೀರಾ? ಬೆಳಗ್ಗೆ ಅಂಗಡಿ ಬಾಗಿಲು ತೆಗೆದಾಗ ಚೆನ್ನಾಗೇ ಇದ್ನಲ್ರೀ!"

ಅಷ್ಟೊತ್ತು ಲ್ಯಾಬಿನವರ ಮೇಲೆ ಬರಬೇಕಿದ್ದ ಸಿಟ್ಟೆಲ್ಲ ನನ್ನ ಮೇಲೆ ಬಂತು. ನಿಮ್ಮ ಅಕ್ಕನ ಕಾಯಿಲೆ ನನ್ನ ತಲೆಗೆ ಕಟ್ಟಲು ಬಂದಿದ್ದೀರಾ ಎಂದರು. ಅಕ್ಕ ಎದ್ದು ಅವರ ಮುಂದೆ ನಿಂತಳು. ಮೈದಾನದಲ್ಲಿ ಸಾವಿರ ಹುಡುಗಿಯರನ್ನು ಸಾಲು ನಿಲ್ಲಿಸಿದ ದನಿ ಅದು, ಆದರೆ ಆ ದಿನ ಮೆತ್ತಗಿತ್ತು.

"ನಿಮ್ಮ ಸಿಟ್ಟು ಸರಿಯಾಗಿದೆ ಕಣಪ್ಪ. ನನಗೆ ಆ ಕಾಗದ ಕೊಟ್ಟ ದಿನ ನನಗೂ ಹಿಂಗೇ ಆಗಿತ್ತು. ಬೈಯೋದನ್ನ ದಾರೀಲಿ ಬೈಯಿರಿ. ಮೊದಲು ಆಸ್ಪತ್ರೆಗೆ ನಡೀರಿ, ನಾವೂ ಬರ್ತೀವಿ."

ಅವರು ಅಕ್ಕನ ಕೈಯ ಪಟ್ಟಿ ನೋಡಿದರು, ಮುಖ ನೋಡಿದರು. ಆಮೇಲೆ ಹೆಂಡತಿಗೆ ಫೋನು ಮಾಡಿದರು. ಆಟೋದಲ್ಲಿ ಮೂವರೂ ಹೋದೆವು. ಆಸ್ಪತ್ರೆಯ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಆರು ದಾಟಿತ್ತು. ಅಂದೇ ಒಳಗೆ ಸೇರಿಸಿಕೊಂಡರು.

ಆಮೇಲೆ ನಡೆದದ್ದು ಎಲ್ಲ ಕಡೆ ನಡೆಯುವಂಥದ್ದೇ. ಲ್ಯಾಬಿನವರು ಆ ತಿಂಗಳ ಗಿರಾಕಿಗಳಿಗೆಲ್ಲ 'ತಾಂತ್ರಿಕ ಕಾರಣದಿಂದ ಮರುಪರೀಕ್ಷೆ ಉಚಿತ' ಎಂದು ಮೊಬೈಲಿಗೆ ಒಂದು ಸಾಲು ಕಳಿಸಿದರು. ತಪ್ಪಾಗಿದೆ ಎಂಬ ಶಬ್ದ ಅದರಲ್ಲಿರಲಿಲ್ಲ. ಎಷ್ಟು ಜನ ಅದನ್ನು ಜಾಹೀರಾತೆಂದು ಅಳಿಸಿಹಾಕಿದರೋ. ನಾವು ಆರೋಗ್ಯ ಇಲಾಖೆಗೆ ದೂರು ಕೊಟ್ಟೆವು. ಬಹಳ ದಿನಗಳ ನಂತರ, ದೋಷ ಸರಿಪಡಿಸಲಾಗಿದೆ, ಪ್ರಕರಣ ಮುಕ್ತಾಯಗೊಳಿಸಲಾಗಿದೆ ಎಂದು ಉತ್ತರ ಬಂತು. ದೋಷ ಸಾಫ್ಟ್‌ವೇರಿನಲ್ಲಿ ಸರಿಹೋಯಿತು, ಅಕ್ಕನ ಮಣಿಕಟ್ಟಿನಲ್ಲಿ ಸರಿಹೋಗಲಿಲ್ಲ. ಅದು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದೆ. ಅದರ ಮುಂದಿನ ಹಬ್ಬಕ್ಕೆ ಲ್ಯಾಬಿನಿಂದ ಬಣ್ಣದ ಕಾಗದ ಸುತ್ತಿದ ಒಣಹಣ್ಣಿನ ಡಬ್ಬಿ ಬಂತು, ಜೊತೆಗೆ ಮುಂದಿನ ತಪಾಸಣೆಗೆ ರಿಯಾಯಿತಿಯ ಕೂಪನ್ನು. ನಾನು ಅದನ್ನು ವಾಪಸು ಎಸೆದು ಬರುತ್ತೇನೆಂದು ಹೊರಟೆ. ಅಕ್ಕ ಡಬ್ಬಿ ಕಸಿದುಕೊಂಡು ಒಡೆದು, ದ್ರಾಕ್ಷಿ ಬಾಯಿಗೆ ಹಾಕಿಕೊಂಡು, "ಬಿಟ್ಟಿದ್ದನ್ನೆಲ್ಲ ತಿನ್ನಬೇಕು ನಾನು" ಎಂದಳು. ಕೂಪನ್ನು ಮಾತ್ರ ಎಡಗೈಯಲ್ಲೇ ಚೂರುಚೂರು ಮಾಡಿದಳು.

ಮುಂದಿನ ಸೆಮಿಸ್ಟರಿನಲ್ಲಿ ಅಷ್ಟಮಾನ ಪದ್ಧತಿಯ ಪಾಠ ಬಂದಾಗ ನಾನು ಇಡೀ ತರಗತಿಗೆ ಅದೇ ಸರಣಿ ಬರೆಸಿದೆ. ನೂರ ನಲವತ್ತನಾಲ್ಕು, ನೂರು, ಅರವತ್ತನಾಲ್ಕು, ಐವತ್ತೆರಡು, ನಲವತ್ತೆರಡು, ಮೂವತ್ತನಾಲ್ಕು, ಇಪ್ಪತ್ತೆಂಟು. ಒಂದೊಂದರ ಮುಂದೆಯೂ ಒಬ್ಬ ಮನುಷ್ಯ ಎಂದು ಬರೆಯಿರಿ ಎಂದೆ. ಮಕ್ಕಳು ನಗಲಿಲ್ಲ. ಪರೀಕ್ಷೆಗೆ ಇದು ಬರುತ್ತದಾ ಎಂದು ಒಬ್ಬ ಕೇಳಿದ. ಅವನ ಮೇಲೆ ರೇಗಿದೆ. ಅವನಿಗೆ ಯಾಕೆಂದು ತಿಳಿಯಲಿಲ್ಲ.

ಮೀನಿನ ಅಂಗಡಿಯವರಿಗೆ ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್. ಆ ಎರಡು ವಾರದ ಮಾತ್ರೆಯಿಂದಲೇ ಹೀಗಾಯಿತಾ ಎಂದು ನಾನು ಡಾಕ್ಟರನ್ನು ಕೇಳಿದೆ. ಮೊದಲೇ ಹಾಳಾಗಿತ್ತು, ಮಾತ್ರೆ ಅದನ್ನು ಇನ್ನಷ್ಟು ಬೇಗ ಕೆಡಿಸಿರಬಹುದು, ಇಷ್ಟೇ ಎಂದು ಹೇಳಲಾಗದು ಎಂದರು. ಅಂಗಡಿಯವರು ಹಾಕಿರುವ ಪರಿಹಾರದ ಕೇಸಿನಲ್ಲಿ ಲ್ಯಾಬಿನವರ ವಕೀಲರು ಹಿಡಿದುಕೊಂಡು ಕೂತಿರುವುದು ಈ 'ಹೇಳಲಾಗದು' ಎನ್ನುವುದನ್ನೇ. ಅಕ್ಕ ಆಗಾಗ ಆಸ್ಪತ್ರೆಗೆ ಹೋಗಿ ಅಂಗಡಿಯವರ ಪಕ್ಕ ಕೂತು ಬರುತ್ತಾಳೆ. ಹೋದ ತಿಂಗಳು ನಾನೂ ಹೋಗಿದ್ದೆ. ತಮ್ಮ ಸರದಿಗೆ ಕಾಯುತ್ತಾ ಹೊರಗಿನ ಬೆಂಚಿನ ಮೇಲಿದ್ದರು. ಮೈ ಅರ್ಧ ಇಳಿದಿತ್ತು. ನನ್ನ ಮೇಲೆ ಅವರಿಗಿದ್ದ ಸಿಟ್ಟು ಹೋಗಿ ಬಹಳ ದಿನವಾಗಿತ್ತು.

"ಮೇಡಂ, ಒಂದು ಕೇಳ್ಬೇಕು ಅಂತಿದ್ದೆ. ನನ್ನ ನಂಬರ್ ತೊಂಬತ್ತೊಂಬತ್ತು ಆಗಿದ್ರೆ ಏನಾಗ್ತಿತ್ತು?"

"ಯಾಕೆ?"

"ಅವತ್ತು ಸಾಲಲ್ಲಿ ನನ್ನ ಹಿಂದೆ ಒಬ್ಬಮ್ಮ ಮಗು ಎತ್ಕೊಂಡಿದ್ರು. ಮಗು ಒಂದೇ ಸಮ ಅಳ್ತಿತ್ತು. ನೀವು ಮುಂದೆ ಹೋಗಿ ಅಂತ ಬಿಟ್ಟೆ. ಅವರಿಗೆ ತೊಂಬತ್ತೊಂಬತ್ತು ಬಂತು."

ಒಂಬತ್ತು ಇರುವ ಸಂಖ್ಯೆಗೆ ಏನೂ ಆಗುತ್ತಿರಲಿಲ್ಲ. ಅವರ ರಿಪೋರ್ಟು ಅವರ ಕೈಗೇ ಬರುತ್ತಿತ್ತು, ನೋವಿನ ಮಾತ್ರೆಯನ್ನು ಯಾವ ಡಾಕ್ಟರೂ ಬರೆಯುತ್ತಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆದರೆ ಈ ಮನುಷ್ಯನಿಗೆ ಎಲ್ಲರೂ ತೇಲಿಸಿಯೇ ಮಾತಾಡಿದ್ದರು.

"ನಿಮ್ಮದು ನಿಮಗೇ ಸರಿಯಾಗಿ ಬರ್ತಿತ್ತು," ಎಂದೆ.

ಅವರು ಕೈಲಿದ್ದ ಸರದಿಯ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಇನ್ಮೇಲೆ ಸಾಲಲ್ಲಿ ಯಾರಿಗೂ ಜಾಗ ಬಿಡಲ್ಲ ಮೇಡಂ. ಯಾರೇ ಆಗ್ಲಿ, ಬಿಡಲ್ಲ," ಎಂದರು.

ಒಳಗಿನಿಂದ ನರ್ಸು ಕರೆದಳು. ಅವರು ಬೆಂಚು ಹಿಡಿದು ಎದ್ದರು, ನನ್ನ ಕೈಯ ಆಸರೆ ಬೇಡವೆಂದು ತಲೆಯಾಡಿಸಿ ಬಾಗಿಲು ತಳ್ಳಿಕೊಂಡು ಹೋದರು. ನಾನು ಹೊರಗೆ ಬಂದೆ. ಮಾರ್ಗೋಸಾ ರಸ್ತೆಯಲ್ಲಿ ಸಂಜೆಯ ಜನ ತುಂಬಿತ್ತು, ಎಲ್ಲರಿಗೂ ಎಲ್ಲಿಗೋ ಹೋಗುವ ಅವಸರ. ಮನೆ ಮುಟ್ಟುವವರೆಗೂ ನನ್ನ ಮುಷ್ಟಿ ಬಿಗಿದೇ ಇತ್ತು.